ಶಿಮ್ಲಾದ ಚಳಿಗೆ ಕುಣಿಗಲ್ಲಿನ ಕೆಂಡ

ಡಿಸೆಂಬರ್ ಬಂತೆಂದರೆ ತುಮಕೂರಿನಲ್ಲಿ ನನಗೆ ಬೇಡಿಕೆ ಹೆಚ್ಚುತ್ತದೆ. ಅಮಾನಿಕೆರೆಯ ಪಕ್ಕ ಬೆಳಿಗ್ಗೆ ಒಟ್ಟಿಗೆ ನಡೆಯುವ ನಾಲ್ಕೈದು ನಿವೃತ್ತರಲ್ಲಿ ನಾನೂ ಒಬ್ಬ. ಮಂಕಿ ಟೋಪಿಯೊಳಗಿಂದ ಯಾರಾದರೂ "ಈ ವರ್ಷ ಚಳಿ ಜಾಸ್ತಿ ಕಣ್ರೀ" ಅಂದರೆ ಸಾಕು, ಪಕ್ಕದವರು ನನ್ನ ಕಡೆ ಕೈ ತೋರಿಸುತ್ತಾರೆ. "ಇದೂ ಒಂದು ಚಳಿಯಾ ಬುಡಿ. ಮೇಷ್ಟ್ರು ಶಿಮ್ಲಾದಲ್ಲಿ ಆರು ವರ್ಷ ಇದ್ದು ಬಂದವ್ರೆ, ಅವರನ್ನ ಕೇಳಿ." ಕೇಳಲೆಂದೇ ಕಾಯುತ್ತಿದ್ದವನ ಹಾಗೆ ನಾನು ಶುರುಮಾಡುತ್ತೇನೆ.

ನಲ್ಲಿಯಿಂದ ಶುರು. ಸಂಜೆಯೇ ಬಕೆಟ್ಟು, ಕೊಡ, ಕುಕ್ಕರು ಎಲ್ಲದರಲ್ಲೂ ನೀರು ತುಂಬಿಡದಿದ್ದರೆ ಬೆಳಿಗ್ಗೆ ಪೈಪಿನೊಳಗೆ ನೀರು ಕಲ್ಲಾಗಿರುತ್ತಿತ್ತು. ಗುಬ್ಬಿಯಿಂದ ಅಣ್ಣ ಕಳಿಸಿದ ಕೊಬ್ಬರಿ ಎಣ್ಣೆ ನವೆಂಬರಿನಲ್ಲಿ ಗಟ್ಟಿಯಾದರೆ ಮಾರ್ಚಿನವರೆಗೆ ಕರಗುತ್ತಿರಲಿಲ್ಲ. ಚಮಚದ ಹಿಡಿಯಿಂದ ಕೆರೆದು, ಅಂಗೈಯಲ್ಲಿ ಉಜ್ಜಿ, ತಲೆಗೆ ಹಚ್ಚಿಕೊಳ್ಳಬೇಕು. ರಾಗಿಮುದ್ದೆ ಒಲೆಯಿಂದ ತಟ್ಟೆಗೆ ಬರುವಷ್ಟರಲ್ಲಿ ಮೇಲೆ ಸಿಪ್ಪೆ ಕಟ್ಟುತ್ತಿತ್ತು. ಹಾಗಾಗಿ ನಾನೂ ನನ್ನ ಹೆಂಡತಿಯೂ ಒಲೆಯ ಪಕ್ಕದಲ್ಲೇ ನಿಂತು, ಒಂದೇ ಪಾತ್ರೆಯಿಂದ ಮುರಿದುಕೊಂಡು ಉಣ್ಣುತ್ತಿದ್ದೆವು. ದೋಸೆ ಹಿಟ್ಟು ಹುಳಿ ಬರಲೆಂದು ಪಾತ್ರೆಯನ್ನು ಹಾಸಿಗೆಯಲ್ಲಿ ನಮ್ಮಿಬ್ಬರ ನಡುವೆ ರಜಾಯಿ ಹೊದಿಸಿ ಮಲಗಿಸಿಕೊಂಡದ್ದೂ ಉಂಟು. ಇಲ್ಲಿಗೆ ಬಂದಾಗ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಈ ಕತೆಗಳನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನನಗೀಗ ನೆನಪಿರುವುದು ಆ ಚಳಿಯೋ ಅಥವಾ ಆ ಚಳಿಯ ಬಗ್ಗೆ ನಾನಾಡಿದ ಮಾತೋ ಎಂದು ಅನುಮಾನ. ಹಿಟ್ಟಿನ ಪಾತ್ರೆ ನಿಜವಾಗಿ ಹಾಸಿಗೆಯ ನಡುವೆ ಇತ್ತೇ? ಹೆಂಡತಿಯನ್ನು ಕೇಳಿದರೆ, "ಕಾಲ ಹತ್ರ ಇಟ್ಟಿದ್ವಿ ಕಣ್ರೀ. ನೀವು ಹೇಳ್ತಾ ಹೇಳ್ತಾ ಅದನ್ನ ಮೇಲಕ್ಕೆ ತಂದ್ರಿ" ಅನ್ನುತ್ತಾಳೆ. ರಸಾಯನಶಾಸ್ತ್ರ ಓದಿ ಅದನ್ನೇ ಕಲಿಸಿದವನು ನಾನು. ಕಣ್ಣಿಂದ ನೋಡಿದ್ದನ್ನೂ ಇನ್ನೊಮ್ಮೆ ಅಳತೆ ಮಾಡಿ ನೋಡಬೇಕೆಂದು ಹುಡುಗರಿಗೆ ಹೇಳುತ್ತಿದ್ದೆ. ನನ್ನ ತಲೆಯೊಳಗಿನದನ್ನು ಮಾತ್ರ ಯಾವತ್ತೂ ಅಳೆದು ನೋಡಿರಲಿಲ್ಲ. ನೋಡುವ ಹಾಗೆ ಮಾಡಿದವಳು ಮಗಳು.

ಮಗಳು ಹಾಸನದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಚೊಚ್ಚಲ ಹೆರಿಗೆಗೆಂದು ಏಳು ತಿಂಗಳಿಗೇ ಮನೆಗೆ ಬಂದಳು. ಬಂದವಳು ಬ್ಯಾಗು ಇಳಿಸುವ ಮೊದಲೇ ಒಂದು ಮಾತು ಹೇಳಿದಳು. "ಅಪ್ಪಾ, ಮಗೂಗೆ ನೀರು ಹಾಕೋಕೆ ಕುಣಿಗಲ್ ಅಜ್ಜಿನೇ ಬರಬೇಕು. ಮೂರು ತಿಂಗಳು ಇಲ್ಲೇ ಇಟ್ಕೊಳೋಣ."

ಕುಣಿಗಲ್ ಅಜ್ಜಿ ಎಂದರೆ ನನ್ನ ಹೆಂಡತಿಯ ತಾಯಿ. ಕೂಸಿಗೆ ನೀರು ಹಾಕುವುದರಲ್ಲಿ ಒಂದು ಕಾಲಕ್ಕೆ ಕುಣಿಗಲ್ಲಿನ ಅವರ ಬೀದಿಯಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಮಣೆಯ ಮೇಲೆ ಕೂತು, ಸೀರೆ ಮಂಡಿಗೆ ಎತ್ತಿಕಟ್ಟಿ, ಎರಡೂ ಕಾಲು ನೀಡಿ, ಕೂಸನ್ನು ಕಾಲಮೇಲೆ ಬೋರಲು ಹಾಕಿಕೊಂಡರೆಂದರೆ ಎಂಥ ಹಟದ ಮಗುವೂ ಎರಡನೇ ಚೊಂಬಿಗೆ ಸುಮ್ಮನಾಗುತ್ತಿತ್ತು. ಆಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮಗುವಿನ ತಲೆಗೂ ಬಾಣಂತಿಯ ಕೂದಲಿಗೂ ಹೊಗೆ ಹಿಡಿದು, ಇಬ್ಬರನ್ನೂ ಬೆಚ್ಚಗೆ ಮಲಗಿಸುವುದು. ಇದಕ್ಕೆಲ್ಲ ಅವರು ಏನನ್ನೂ ಇಸಕೊಳ್ಳುತ್ತಿರಲಿಲ್ಲ. ಮೊದಲ ದಿನ ಒಂದು ತೆಂಗಿನಕಾಯಿ, ಎಲೆ ಅಡಿಕೆ, ಅಷ್ಟೇ.

ಹೆಂಡತಿ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಅತ್ತೆಯ ಮಾತು ಸಣ್ಣದಾಗಿ ಕೇಳಿಸಿತು.

"ನನ್ನ ಕೈಲಾಗಲ್ಲ ಮಗಾ. ಸೊಂಟ ಹಿಡೀತದೆ."

"ಅವ್ವಾ, ನೀನು ದಿನಾ ಕೆರೆ ಏರಿ ಮೇಲೆ ನಡೀತೀಯ. ಸೊಂಟಕ್ಕೇನಾಗದೆ?"

"ಬೇರೆ ಯಾರನ್ನಾದ್ರೂ ನೋಡ್ರವ್ವ. ನನ್ನ ಕೈ ಬ್ಯಾಡ. ಒಂದು ಕೂಸಿನ ವಿಷ್ಯದಾಗೆ ನೋಡಿಲ್ವಾ."

ಹೆಂಡತಿ ಫೋನು ಇಟ್ಟಳು. ಆಮೇಲೆ, "ನನ್ನ ಬಾಣಂತನಕ್ಕೆ ಶಿಮ್ಲಾಗೆ ಬಂದು ಹೋದಮೇಲೆ ಅವ್ವ ಯಾರ ಮಗೂಗೂ ನೀರು ಹಾಕಿಲ್ಲ, ಗೊತ್ತಾ ನಿಮಗೆ? ನನ್ನ ತಮ್ಮನ ಮಕ್ಕಳಿಗೂ ಹಾಕಲಿಲ್ಲ" ಅಂದಳು.

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಅಳಿಯನಾಗಿ ಆ ಮನೆಯ ಹಬ್ಬದೂಟ ಉಂಡಿದ್ದೇನೆ. ಸೊಂಟನೋವು ಎಂಬ ಅವರ ಮಾತನ್ನು ನಂಬಿ ಮಾತ್ರೆಯನ್ನೂ ಒಯ್ದುಕೊಟ್ಟಿದ್ದೇನೆ.

ಶಿಮ್ಲಾದಲ್ಲಿ ಆದದ್ದು, ಅಂದರೆ ಕೆರೆಯ ಪಕ್ಕ ನಾನು ಹೇಳುತ್ತಾ ಬಂದದ್ದು, ಇದು.

ನಮ್ಮ ನಾಲ್ಕನೇ ಚಳಿಗಾಲ. ಹೆಂಡತಿ ಹೆರಿಗೆಗೆ ತವರಿಗೆ ಬರಬೇಕಿತ್ತು, ಆದರೆ ಏನೋ ತೊಂದರೆ ಇದೆ, ರೈಲು ಪ್ರಯಾಣ ಬೇಡವೆಂದು ಡಾಕ್ಟರು ಹೇಳಿಬಿಟ್ಟರು. ಆದ್ದರಿಂದ ತವರೇ ಅವಳ ಹತ್ತಿರ ಬಂತು. ಯಡಿಯೂರು, ತಿರುಪತಿ ಬಿಟ್ಟು ಬೇರೆಲ್ಲಿಗೂ ಹೋಗದಿದ್ದ ಅತ್ತೆ, ಮೂರು ದಿನ ರೈಲಿನಲ್ಲಿ ಕೂತು ಶಿಮ್ಲಾ ಬೆಟ್ಟದ ಬುಡದ ಕಾಲ್ಕಾದಲ್ಲಿ ಇಳಿದಾಗ ಹವಾಯಿ ಚಪ್ಪಲಿ ಹಾಕಿಕೊಂಡಿದ್ದರು. ಕಂಕುಳಲ್ಲಿ ಒಂದು ಗೋಣಿಚೀಲ. ಅದರಲ್ಲಿ ಮೆಣಸು, ಬೆಳ್ಳುಳ್ಳಿ, ಒಣಶುಂಠಿ, ಬಜೆ, ಸಾಂಬ್ರಾಣಿ, ಹಳೆ ಸೀರೆ ಹರಿದು ಮಾಡಿದ ಬಟ್ಟೆಗಳು, ಕೊನೆಗೆ ಒಂದು ಮಣ್ಣಿನ ಅಗ್ಗಿಷ್ಟಿಕೆ. ಅಷ್ಟು ದೂರ ಒಡೆಯದೆ ಬಂದಿತ್ತು.

"ಇದನ್ನ ಯಾಕೆ ಹೊತ್ಕೊಂಡು ಬಂದ್ರಿ ಅತ್ತೆ? ಇಲ್ಲಿ ಬೀದಿ ಬೀದೀಲೂ ಸಿಗುತ್ತೆ" ಅಂದೆ.

"ಸಿಕ್ಕಬೋದು ಅಳಿಯಂದ್ರೇ. ಅದಕ್ಕೆ ನನ್ನ ಕೈ ಗೊತ್ತಾಗಬ್ಯಾಡ್ವೇ?"

ಬಂದ ಮೂರು ದಿನಕ್ಕೆ ಅವರು ಶಿಮ್ಲಾದ ಚಳಿಯನ್ನು ಅರ್ಥಮಾಡಿಕೊಂಡುಬಿಟ್ಟರು. ಅವರ ಲೆಕ್ಕದಲ್ಲಿ ಆ ಊರಿನವರೆಲ್ಲರೂ ಬಾಣಂತಿಯರು. ಬಾಣಂತಿಗೆ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಿಸಿನೀರು, ಮೆಣಸಿನ ಸಾರು ಬೇಕಾದರೆ ಈ ಊರಿನಲ್ಲಿ ಎಲ್ಲರಿಗೂ ಬೇಕು, ಗಂಡಸರಿಗೂ. ಮೂರು ಚಳಿಗಾಲ ನಾನು ಉಣ್ಣೆಯ ಮೇಲೆ ಉಣ್ಣೆ ಹಾಕಿ ಗಡಗಡ ನಡುಗಿದ್ದೆ. ಅತ್ತೆ ಬಂದಮೇಲೆ ದಿನವೂ ಬೆಳಿಗ್ಗೆ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಅವರ ಹಳೆ ಸೀರೆಯ ತುಂಡು ಬಿಗಿದುಕೊಂಡು, ಅದರ ಮೇಲೆ ಟೋಪಿ ಹಾಕಿ ಕಾಲೇಜಿಗೆ ಹೋದೆ. ಮೊದಲು ತಕರಾರು ಮಾಡಿದ್ದೆ.

"ಕಿವಿಯಿಂದ ಶೀತ ಒಳಗೆ ಹೋಗಲ್ಲ ಅತ್ತೆ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ."

"ಇಲ್ದಿದ್ರೆ ಬುಡಿ. ಹತ್ತಿ ಇಟ್ಕೊಂಡು ಹೋಗಿ. ಆಧಾರ ಸಿಕ್ಕಿದ ದಿನ ತೆಗೆಯುವ್ರಂತೆ."

ಆಮೇಲೆ ನಾನೇ ಹತ್ತಿ ಕೇಳಿ ಇಸಕೊಳ್ಳುತ್ತಿದ್ದೆ. ಕೆಳಗಿನ ಮನೆಯ ಒಡತಿ, ನಮಗೆ ಬಾಡಿಗೆಗೆ ಕೊಟ್ಟಿದ್ದ ಅರವತ್ತರ ಹೆಂಗಸು, ಅತ್ತೆಯ ಮೆಣಸಿನ ಸಾರಿಗೆ ದಿನಾ ಲೋಟ ಹಿಡಿದು ಮೇಲೆ ಹತ್ತಿ ಬರುತ್ತಿದ್ದರು. ಇವರಿಗೆ ಅವರ ಹಿಂದಿ ಬಾರದು, ಅವರಿಗೆ ಇವರ ಕನ್ನಡ ಬಾರದು. ಬಿಸಿಲು ಬಂದ ಕೂಡಲೇ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಏನು ಮಾತಾಡಿದರು ಎಂದು ಕೇಳಿದರೆ ಅತ್ತೆ, "ಪಾಪ, ಅವರ ಸೊಸೆ ಸರಿ ಇಲ್ಲ" ಅನ್ನುತ್ತಿದ್ದರು. ಅದು ನಿಜವೇ ಆಗಿತ್ತು.

ಮಗುವಿಗೆ, ಅಂದರೆ ಈಗ ಹೆರಿಗೆಗೆ ಬಂದಿರುವ ಈ ಮಗಳಿಗೆ, ಇಪ್ಪತ್ತೆರಡು ದಿನವಾಗಿತ್ತು. ಹಿಂದಿನ ದಿನದಿಂದ ಹಿಮ ಬೀಳುತ್ತಿತ್ತು, ಕರೆಂಟು ಇರಲಿಲ್ಲ. ನಾನು ಕಾಲೇಜಿಗೆ ಹೋದರೆ ತರಗತಿಗೆ ಯಾರೂ ಬಂದಿರಲಿಲ್ಲ, ಹನ್ನೊಂದೂವರೆಗೆಲ್ಲ ವಾಪಸ್ಸಾದೆ. ಮೆಟ್ಟಿಲ ಬುಡದಲ್ಲಿ ಒಡತಿ ಲೋಟ ಹಿಡಿದು ನಿಂತಿದ್ದರು. ಎಷ್ಟು ಕರೆದರೂ ಅತ್ತೆ ಓಗೊಡುತ್ತಿಲ್ಲ ಎಂದರು. ಮೇಲೆ ಹೋಗಿ ಬಾಗಿಲು ದೂಡಿದೆ. ಬಾಗಿಲ ಸಂದಿಗೆ ಒಳಗಿನಿಂದ ಕಂಬಳಿ ಒತ್ತಿಟ್ಟಿದ್ದರಿಂದ ಅದು ಎಳೆದುಕೊಂಡೇ ತೆರೆಯಿತು. ಒಳಗೆ ಸಾಂಬ್ರಾಣಿ ವಾಸನೆ. ಅಗ್ಗಿಷ್ಟಿಕೆಯಲ್ಲಿ ಕೆಂಡ ಇನ್ನೂ ಕೆಂಪಗಿತ್ತು. ಅತ್ತೆ ಬಾಗಿಲಿಗೆ ಎರಡು ಮಾರು ದೂರದಲ್ಲಿ ಮಗುಚಿ ಬಿದ್ದಿದ್ದರು. ಹೆಂಡತಿ ಹಾಸಿಗೆಯ ಅಂಚಿನಲ್ಲಿ ವಾಂತಿ ಮಾಡಿಕೊಂಡು, ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದಳು. ಮಗು ಎತ್ತಿದರೆ ಕತ್ತು ನಿಲ್ಲದೆ ಜೋತುಬಿತ್ತು. ಇಪ್ಪತ್ತೆರಡು ದಿನದ ಮಗುವಿನ ಕತ್ತು ಹೇಗೂ ನಿಲ್ಲುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಮಗುವನ್ನು ಒಡತಿ ಕಿತ್ತುಕೊಂಡು ಹೊರಗೆ ಓಡಿದರು. ನಾನು ಉಳಿದಿಬ್ಬರನ್ನು ಎಳೆದು ಜಗಲಿಗೆ ತಂದೆ. ಹಿಮ ಬೀಳುತ್ತಿದ್ದ ಆ ಗಾಳಿ ಮುಖಕ್ಕೆ ಹೊಡೆದದ್ದೇ ಮಗು ಒಮ್ಮೆ ಬಿಕ್ಕಿ, ಆಮೇಲೆ ಕಿರುಚಿ ಅತ್ತಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ಆಮೇಲೆ ಕೇಳಿಲ್ಲ. ಎಲ್ಲರೂ ಉಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟವರು ಯಾರು ಎಂದು ಕೇಳಿದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. "ನಾನೇ" ಅಂದರು. ಅದನ್ನು ಹಿಂದಿಗೆ ತಿರುಗಿಸುವಾಗ ನಾನೇ ಒಂದಷ್ಟು ಸೇರಿಸಿದೆ: ಹಳ್ಳಿ ಕಡೆಯವರು, ಪಾಪ, ಇದೆಲ್ಲ ಅವರಿಗೆ ಗೊತ್ತಿಲ್ಲ, ಹೆಂಚಿನ ಮನೆಯ ಅಭ್ಯಾಸ.

ಕುಣಿಗಲ್ಲಿನ ಹೆಂಚಿನ ಮನೆಯಲ್ಲಿ ಸೂರಿನ ಸಂದಿಯಿಂದ, ಬೆಳಕಿಂಡಿಯಿಂದ ಹೊಗೆ ಹೋಗುತ್ತಿರುತ್ತದೆ. ಅಲ್ಲಿ ಬಾಗಿಲು ಹಾಕಿ ಕೆಂಡ ಇಟ್ಟರೂ ಏನೂ ಆಗುವುದಿಲ್ಲ. ಅದೇ ಕೆಂಡ ಮರದ ಹಲಗೆ ಹೊಡೆದ, ಸಂದಿಗೆಲ್ಲ ಕಾಗದ ಮೆತ್ತಿದ ಶಿಮ್ಲಾದ ಕೋಣೆಯಲ್ಲಿ ವಿಷವಾಯಿತು. ಅತ್ತೆ ಎಲ್ಲ ಕಿಂಡಿ ಮುಚ್ಚಿದರು, ನಾನು ಸಮಯಕ್ಕೆ ಬಂದೆ. ಇಷ್ಟು ವರ್ಷ ನಾನು ಹೇಳಿದ ಕತೆ ಇದು. ಅತ್ತೆಯನ್ನು ಬೈದು ಹೇಳುತ್ತಿರಲಿಲ್ಲ, ಪ್ರೀತಿಯಿಂದಲೇ ಹೇಳುತ್ತಿದ್ದೆ.

ಅತ್ತೆಗೆ ಫೋನು ಮಾಡಿದ ಮಾರನೇ ಬೆಳಿಗ್ಗೆ ಕೆರೆಯ ಪಕ್ಕ ಅದನ್ನೇ ಮತ್ತೆ ಹೇಳುತ್ತಿದ್ದೆ. "ಮೇಲಿದ್ದ ಒಂದು ಬೆಳಕಿಂಡಿಗೂ ಪೇಪರ್ ಮೆತ್ತಿಬಿಟ್ಟಿದ್ರು. ತೆಂಗಿನಕಾಯಿ ಧಾರಣೆ ಬರೆದಿದ್ದ ಕನ್ನಡ ಪೇಪರ್ರು" ಅಂದವನು ಅಲ್ಲೇ ನಿಂತುಬಿಟ್ಟೆ.

ಆ ಬೆಳಕಿಂಡಿ ಸೂರಿನ ಹತ್ತಿರ ಇತ್ತು. ಕೆಳಗೆ ನಿಂತವರಿಗೆ ಅಲ್ಲಿ ಕಾಗದ ಇದೆ ಎಂದು ಕಾಣಬಹುದೇ ಹೊರತು, ಧಾರಣೆಯ ಪಟ್ಟಿ ಕಾಣುವುದಿಲ್ಲ. ಅದನ್ನು ಓದಬೇಕಾದರೆ ಮುಖ ಅದರ ಎದುರಿಗೇ ಇರಬೇಕು. ನನಗೆ ಪಟ್ಟಿ ನೆನಪಿದೆ, ಮೈದಾ ಅಂಟಿನ ಹುಳಿ ವಾಸನೆ ನೆನಪಿದೆ. ಅತ್ತೆ ನನ್ನ ಭುಜಕ್ಕೂ ಬರದಷ್ಟು ಕುಳ್ಳಗೆ.

ಆದರೆ ನೆನಪನ್ನು ನಂಬದವನು ಇದನ್ನು ಮಾತ್ರ ಹೇಗೆ ನಂಬುವುದು? ನನ್ನ ಹಿಟ್ಟಿನ ಪಾತ್ರೆ ಕಾಲಿನ ಹತ್ತಿರದಿಂದ ಹಾಸಿಗೆಯ ನಡುವಿಗೆ ಬಂದಿದೆ. ಈ ಕಾಗದವೂ ಬೇರೆ ಯಾವುದೋ ಗೋಡೆಯಿಂದ ಹತ್ತಿಕೊಂಡು ಬಂದಿರಬಹುದು. ಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ.

"ಬೆಳಕಿಂಡಿ ಮುಚ್ಚಿದ್ದು ಯಾರು?"

"ಅವ್ವ ಅಲ್ವಾ?"

"ನೀನು ನೋಡಿದ್ಯಾ?"

ಸೌಟು ಹಿಡಿದುಕೊಂಡು ಯೋಚಿಸಿದಳು. "ನೋಡಿದ ಹಂಗಿಲ್ಲ. ನಾನು ಮಲಗೇ ಇರ್ತಿದ್ದೆ. ನೀವು ಹೇಳಿದ್ದನ್ನೇ ನಂಬ್ಕೊಂಡೆ ಅನ್ಸುತ್ತೆ."

ಆ ಕಾಲದಲ್ಲಿ ನಾನು ವಾರಕ್ಕೊಂದು ಇನ್‌ಲ್ಯಾಂಡ್ ಕಾಗದ ಅಣ್ಣನಿಗೆ ಬರೆಯುತ್ತಿದ್ದೆ. ಅಣ್ಣ ಯಾವ ಕಾಗದವನ್ನೂ ಬಿಸಾಡುವವನಲ್ಲ. ಬಂದ ಕಾಗದವನ್ನೆಲ್ಲ ಕೊಕ್ಕೆಯ ತಂತಿಗೆ ಚುಚ್ಚಿ ನೇತುಹಾಕುವುದು ನಮ್ಮಪ್ಪನ ಕಾಲದಿಂದ ಬಂದ ರೂಢಿ. ತಂತಿ ತುಂಬಿದರೆ ಹಾಗೇ ಅಟ್ಟಕ್ಕೆ ಹೋಗುತ್ತದೆ. ಗುಬ್ಬಿಗೆ ಬಸ್ಸು ಹತ್ತಿದೆ.

ಅಣ್ಣ ಅಂಗಳದಲ್ಲಿ ಚೇಳೂರಿನ ತೋಟದಿಂದ ಬಂದ ಕಾಯಿ ರಾಶಿಯ ಮುಂದೆ ಕೂತಿದ್ದ. ವಿಷಯ ಹೇಳಿದೆ.

"ಏನ್ಲಾ, ಇಪ್ಪತ್ತೈದು ವರ್ಷದ ಹಿಂದಿನ ಕಾಗದ ಹುಡುಕೋಕೆ ಬಂದಿದೀಯಾ? ರಿಟೈರ್ ಆದೋರಿಗೆ ಏನಾದರೂ ಕೆಲಸ ಕೊಡಬೇಕು ಕಣೋ ಸರಕಾರ."

"ಏಣಿ ಎಲ್ಲಿದೆ ಹೇಳಣ್ಣ."

"ಹತ್ತು. ಬಿದ್ದರೆ ನನ್ನ ಕೇಳಬ್ಯಾಡ."

ತಂತಿಗಳು ತುಕ್ಕು ಹಿಡಿದಿದ್ದವು. ಕಾಗದದ ನಡುವೆಯೇ ತೂತು, ತೂತಿನ ಸುತ್ತ ಕಂದು ಕಲೆ. ಮಧ್ಯಾಹ್ನದ ಊಟದ ಹೊತ್ತಿಗೆ ಸಿಕ್ಕಿತು. ನನ್ನದೇ ಅಕ್ಷರ, ಈಗಿನದಕ್ಕಿಂತ ದುಂಡಗೆ. ಎರಡು ಸಾಲು ತುಕ್ಕಿನಲ್ಲಿ ಹೋಗಿತ್ತು, ಉಳಿದದ್ದು ಓದುವ ಹಾಗಿತ್ತು. ಮಗುವಿಗೆ ಇವತ್ತಿಗೆ ಇಪ್ಪತ್ತು ದಿನ. ಚಳಿ ವಿಪರೀತ. ನಿನ್ನೆ ಟ್ರಂಕಿನ ಮೇಲೆ ಹತ್ತಿ ಬೆಳಕಿಂಡಿಗೂ ಪೇಪರ್ ಮೆತ್ತಿದೆ. ಅತ್ತೆ ಅದೊಂದು ಇರಲಿ ಬಿಡಿ ಎಂದರು. ಇದು ನಿಮ್ಮ ಕುಣಿಗಲ್ ಹೆಂಚಿನ ಮನೆಯಲ್ಲ ಎಂದು ನಕ್ಕೆ. ಈಗ ಒಳಗೆ ಒಂದೆಳೆ ಗಾಳಿ ನುಸುಳುವುದಿಲ್ಲ.

ನನ್ನ ಕೈಬರಹದಲ್ಲಿ ಒಂದು ಹೆಮ್ಮೆ ಇತ್ತು. ಅಣ್ಣನಿಗೆ ಓದಿ ಹೇಳಿದೆ. ಅವನು ಕಾಯಿ ಕೆಳಗಿಟ್ಟ.

"ಈಗ ಏನ್ ಮಾಡ್ತೀಯಾ?"

"ಕುಣಿಗಲ್ಲಿಗೆ ಹೋಗಿ ಹೇಳ್ತೀನಿ."

"ಹೇಳು. ಆ ಯಮ್ಮ ನಿನ್ನ ಮದುವೇಲಿ ನನಗೆ ಎರಡು ಸಲ ಪಾಯಸ ಬಡಿಸಿದ್ರು" ಅಂದು, ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿ, ಮಡಿಸಿ ನನ್ನ ಜೇಬಿಗೇ ಇಟ್ಟ.

ಮಾರನೇ ದಿನವೇ ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸುತ್ತಿದ್ದೆ. ಜೋಡಿಸಿದ ಪ್ರತಿ ಮಾತಿನಲ್ಲೂ ನಾನು ಸ್ವಲ್ಪ ಒಳ್ಳೆಯವನಾಗಿ ಕಾಣುತ್ತಿದ್ದೆ. ಆ ಮಾತುಗಳನ್ನೆಲ್ಲ ಬಿಟ್ಟುಬಿಟ್ಟೆ. ಒಂದು ಭಯವೂ ಇತ್ತು. ಇಷ್ಟು ವರ್ಷ ಅವರು ತಮ್ಮ ಕೈಯನ್ನೇ ಅನುಮಾನಿಸಿದ್ದಾರೆ. ಈಗ ತಪ್ಪು ನನ್ನದು ಎಂದರೆ, ಹೋದ ವರ್ಷಗಳನ್ನು ಎಲ್ಲಿಂದ ತಂದುಕೊಡುವುದು? ಅವರ ಮೊಮ್ಮಕ್ಕಳಿಗೆ ಬೇರೆ ಯಾರೋ ನೀರು ಹಾಕಿ ಆಗಿದೆ.

ಅತ್ತೆ ಮನೆ ಮುಂದಿನ ಬಿಸಿಲಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡರು.

"ಏನ್ ಅಳಿಯಂದ್ರೇ, ಹೇಳ್ದೇ ಕೇಳ್ದೇ ಬಂದ್ರಿ. ಮಗಳು ಚೆಂದಾಗವ್ಳಾ?"

"ಚೆನ್ನಾಗಿದಾಳೆ ಅತ್ತೆ." ಪಕ್ಕದಲ್ಲಿ ಕೂತೆ. ಅವರು ಒಂದು ಹಿಡಿ ಕಾಯಿ ನನ್ನ ಮುಂದೆ ಸರಿಸಿದರು. ಸುಲಿಯತೊಡಗಿದೆ. ಸೊಗಡಿನ ಕಾಯಿ, ಬೆರಳಿಗೆಲ್ಲ ವಾಸನೆ ಹತ್ತಿತು. ಹತ್ತು ಕಾಯಿ ಸುಲಿದ ಮೇಲೆ ಹೇಳಿದೆ. "ಶಿಮ್ಲಾದಲ್ಲಿ ಆ ಬೆಳಕಿಂಡಿ ಮುಚ್ಚಿದ್ದು ನಾನು ಅತ್ತೆ. ನೀವು ಬೇಡ ಅಂದಿದ್ರಿ. ಇಷ್ಟು ವರ್ಷ ನೀವೇ ಮುಚ್ಚಿದ್ರಿ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ."

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಂಗೊತ್ತು" ಅಂದರು.

"ಗೊತ್ತಾ?"

"ನೀವು ಪೆಟ್ಟಿಗೆ ಮೇಲೆ ಹತ್ತಿದಾಗ ಪೆಟ್ಟಿಗೆ ಹಿಡ್ಕೊಂಡಿದ್ದು ಯಾರು ಅಂದ್ಕೊಂಡ್ರಿ? ನಾನೇ. ಬಿದ್ದಾರು ಅಂತ."

ಆ ಚಿತ್ರ ನನ್ನ ತಲೆಯಲ್ಲಿ ಎಲ್ಲೂ ಇರಲಿಲ್ಲ. ಈಗಲೂ ಇಲ್ಲ. ಅವರು ಹೇಳಿದ ಮೇಲೆ ಕಟ್ಟಿಕೊಂಡದ್ದು ಮಾತ್ರ ಇದೆ.

"ಮತ್ತೆ ಯಾಕೆ ಹೇಳಲಿಲ್ಲ? ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ?"

"ಕೆಂಡ ಇಟ್ಟೋರು ಯಾರು ಅಂತ ಕೇಳಿದ್ರು. ಇಟ್ಟೋಳು ನಾನೇ ತಾನೇ?" ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದರು. "ಹೊಗೆ ಹೋಗೋಕೆ ದಾರಿ ಬೇಕು ಅಂತ ನಂಗೆ ಗೊತ್ತಿಲ್ವಾ? ಎಷ್ಟು ಮನೆ ಬಾಣಂತನ ಮಾಡಿದೀನಿ. ಅವತ್ತು ಸಾಂಬ್ರಾಣಿ ಹಾಕೋ ಮುಂಚೆ ತಲೆ ಎತ್ತಿ ನೋಡಿದೆ. ಪೇಪರ್ ಕಾಣ್ತು. ಹರಿದಾಕಿ ಬುಡೋಣ ಅನ್ನಿಸ್ತು. ಓದಿದೋರು ಮೆತ್ತವ್ರೆ, ಈ ಊರಿನ ಮನೆ ಅವರಿಗೆ ಗೊತ್ತಿರ್ತದೆ ಅಂದ್ಕೊಂಡೆ. ಒಂದ್ಸಲ ಹೇಳಿದ್ದೆ, ನೀವು ನಕ್ಕುಬುಟ್ರಿ. ಇನ್ನೊಂದ್ಸಲ ಹೇಳೋಕೆ ನಾಚಿಕೆ ಆಯ್ತು. ನಾಚಿಕೆ ಪಟ್ಕೊಂಡು ಕೂಸನ್ನ ಸಾಯಿಸ್ತಿದ್ನಲ್ಲ. ಅಂಥ ಕೈ ಯಾವ ಮಗೂಗೆ ನೀರಾಕಬೇಕು?"

ನಾನು ಅವರನ್ನು ತಪ್ಪಿನಿಂದ ಬಿಡಿಸಲು ಬಂದಿದ್ದೆ. ಅವರು ಹೊತ್ತುಕೊಂಡದ್ದು ನನ್ನ ತಪ್ಪನ್ನಲ್ಲ, ಬೇರೆಯೇ ಒಂದನ್ನು. ಜೇಬಿನಲ್ಲಿದ್ದ ಕಾಗದಕ್ಕೆ ಇಲ್ಲಿ ಕೆಲಸವಿರಲಿಲ್ಲ. ಇದ್ದದ್ದನ್ನು ಹೇಳಿದೆ.

"ಇಂಗಾಲದ ಹೊಗೆ ಏನ್ ಮಾಡುತ್ತೆ ಅಂತ ನಾನು ವರ್ಷಾ ವರ್ಷಾ ಪಾಠ ಮಾಡ್ತಿದ್ದೆ ಅತ್ತೆ. ಆ ವಾರಾನೂ ಮಾಡಿದ್ನೋ ಏನೋ. ಮನೆಗೆ ಬಂದು ಬೆಳಕಿಂಡಿ ಮುಚ್ಚಿದೆ. ಆ ಮನೇಲಿ ಸರಿಯಾಗಿ ಗೊತ್ತಿದ್ದೋರು ನೀವೊಬ್ಬರೇ."

ಅವರು ನನ್ನ ಮುಖ ನೋಡಿದರು. ಆಮೇಲೆ ಅವರೆಕಾಳು ತುಂಬಿದ ಮೊರವನ್ನು ಎರಡು ಸಲ ಕೇರಿದರು.

"ನೀವು ಅಂತೂ ಒಪ್ಕೊಂಡ್ರಲ್ಲ, ಕಿವಿಗೆ ಹತ್ತಿ ಇಟ್ರೆ ಒಳ್ಳೇದು ಅಂತ."

"ಅದನ್ನೆಲ್ಲಿ ಒಪ್ಪಿದೆ ಅತ್ತೆ?"

"ಇಟ್ಕೊಂಡು ಹೋಗ್ತಿರಲಿಲ್ವಾ?"

ನಕ್ಕರು. ಇನ್ನೊಂದು ಬುಟ್ಟಿ ಕಾಯಿ ಮುಗಿಯುವವರೆಗೂ ಶಿಮ್ಲಾದ ಮಾತೇ ಆಯಿತು. ಆ ಒಡತಿ ಇದ್ದಾರೋ ಇಲ್ಲವೋ, ಆ ಸೊಸೆ ಸರಿಹೋದಳೋ ಇಲ್ಲವೋ. ಕೊನೆಗೆ ನಾನೇ ಕೇಳಿದೆ, "ಬರ್ತೀರಾ ಅತ್ತೆ? ಕೆಂಡ ಬೇಡ, ಸಾಂಬ್ರಾಣಿ ಬೇಡ. ಬರೀ ನೀರು."

"ಕೆಂಡ ಯಾಕೆ ಬ್ಯಾಡ? ನಡುಮನೆ ಬಾಗಿಲು ತಗೆದು ಹಿಡಿದ್ರಾಯ್ತು. ಹೊಗೆ ಹಿಡಿದು ಆಚೆಗೆ ಇಟ್ಟುಬುಡೋದು." ಅಷ್ಟು ಹೇಳಿದವರು ತಡೆದರು. "ನಿಮ್ಮನೆ ಬಚ್ಚಲು ಎಷ್ಟು ಅಗಲ ಅದೆ?"

ಹನ್ನೆರಡು ವರ್ಷದಿಂದ ಆ ಮನೆಯಲ್ಲಿದ್ದೇನೆ. ಬಚ್ಚಲಿನ ಅಗಲ ನನಗೆ ಗೊತ್ತಿರಲಿಲ್ಲ.

"ಕಾಲು ನೀಡಿ ಕೂತ್ರೆ ಬಾಗಿಲು ಹಾಕೋಕಾಗ್ತದಾ?"

ಹೆಂಡತಿಗೆ ಫೋನು ಮಾಡಿದೆ. ಯಾಕೆ ಎಂದು ಕೇಳದೆ ಬಚ್ಚಲಿಗೆ ಹೋದಳು. ಟೇಪು ಸಿಗಲಿಲ್ಲವೆಂದು ಮಗಳು ಗೇಣಿನಲ್ಲಿ ಅಳೆಯುತ್ತಿರುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಒಂಬತ್ತು ಗೇಣು ಆಗುತ್ತೆ, ಗೀಸರ್ ಕೆಳಗಿನ ಬಕೆಟ್ಟು ತೆಗೆದರೆ ಇನ್ನೂ ಒಂದು ಸಿಗುತ್ತೆ ಎಂದು ಕೂಗಿದಳು.

"ನಿನ್ನ ಗೇಣಾ, ನಿಮ್ಮಮ್ಮನ ಗೇಣಾ?" ಎಂದು ಅತ್ತೆ ಫೋನಿನ ಕಡೆ ಬಾಗಿ ಕೇಳಿದರು.

"ನಂದು ಅಜ್ಜಿ."

"ಸಾಕಾಗಬೋದು." ಮೊರ ಪಕ್ಕಕ್ಕಿಟ್ಟು, ಸಿಪ್ಪೆ ಸರಿಸಿ, ಗೋಡೆಗೆ ಒರಗಿ ಕೂತರು. ಎಡಗಾಲು ನೀಡಿದರು. ಬಲಗಾಲು ಮಂಡಿಯಲ್ಲಿ ಹಿಡಿಯಿತು. ಎರಡೂ ಕೈಯಲ್ಲಿ ಒತ್ತಿ, ಹಲ್ಲು ಕಚ್ಚಿಕೊಂಡು ಅದನ್ನೂ ನೀಡಿದರು.

"ಒಳಗಿಂದ ಒಂದು ದಿಂಬು ತಗೊಂಬನ್ನಿ ಅಳಿಯಂದ್ರೇ. ಭಾರ ತಡೀತದಾ ನೋಡುಮ."

ದಿಂಬು ತಂದುಕೊಟ್ಟೆ. ಅದನ್ನು ಕಾಲಮೇಲೆ ಬೋರಲು ಮಲಗಿಸಿಕೊಂಡು, ಎಡಗೈಯನ್ನು ಅದರ ಕತ್ತಿರಬೇಕಾದ ಕಡೆ ಕೊಟ್ಟು, ಬಲಗೈಯಿಂದ ಬೆನ್ನ ಮೇಲೆ ನಿಧಾನವಾಗಿ ತೀಡಿದರು. ತಿರುಗಿಸಿ ಹಾಕಿದರು. ಮತ್ತೆ ತೀಡಿದರು.

"ಮಂಡಿ ನೋಯ್ತದೆ" ಅಂದರು. "ಇನ್ನೂ ಎರಡು ತಿಂಗಳು ಟೈಮ್ ಅದೆಯಲ್ಲ. ದಿನಾ ಹಿಂಗೆ ಕೂತು ಅಭ್ಯಾಸ ಮಾಡ್ಕಂತೀನಿ."